ಬಣ್ಣದ ತೆರೆಯ ದೂರವಾಣಿ

ಕಳೆದ ಮಾಘಮಾಸದಲ್ಲಿ ನಮ್ಮ ತಾಯಿಯವರ ವಾರ್ಷಿಕ ಶ್ರಾದ್ಧವು ನಡೆದ ದಿನ, ಊಟವಾದ ಮೇಲೆ ಬಂಧುಗಳೆಲ್ಲರೂ ನಡುಮನೆಯಲ್ಲಿ ಕುಳಿತಿದ್ದಾಗ, ಏಳು ವರ್ಷದ ನನ್ನ ಮೊಮ್ಮಗಳು ಗೋಡೆಯ ಮೇಲಿನ ಭಾವಚಿತ್ರವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದು, "ತಾತ, ಮುತ್ತಜ್ಜಿ ಯಾವಾಗಲೂ ಕೋಪದಲ್ಲೇ ಇರುತ್ತಿದ್ದರೆ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆ ಭಾವಚಿತ್ರವು ಚುನಾವಣೆಯ ಗುರುತಿನ ಚೀಟಿಗಾಗಿ ತೆಗೆದುದನ್ನು ದೊಡ್ಡದು ಮಾಡಿಸಿದುದು. ಅದರಲ್ಲಿ ನಮ್ಮ ತಾಯಿಯವರು ಸೆರಗನ್ನು ಬಿಗಿಯಾಗಿ ಹೊದೆದು, ತುಟಿಗಳನ್ನು ಒತ್ತಿ ಮುಚ್ಚಿಕೊಂಡು, ಸಾಲ ಕೊಟ್ಟವನು ಬಾಗಿಲಲ್ಲಿ ಬಂದು ನಿಂತಿರುವನೋ ಎಂಬಂತೆ ನೋಡುತ್ತಿರುವರು. ದಿನಕ್ಕೆ ಹತ್ತು ಬಾರಿ ನಗುತ್ತಿದ್ದ ಜೀವ ಅದು. ಅವರು ತೀರಿಕೊಂಡುದು ೨೦೦೯ರಲ್ಲಿ. ಆಮೇಲೆ ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಈ ಕಠೋರಮುಖವೇ ಹಿರಿಯಜ್ಜಿಯ ಮುಖವಾಗಿಹೋಗಿದೆ.

ಅವರು ನಗುತ್ತಿರುವ ಚಿತ್ರವೊಂದು ನಮ್ಮ ಮನೆಯಲ್ಲಿ ಇಲ್ಲದೆ ಇರಲಿಲ್ಲ. ಆದರೆ ಅದು ಗೋಡೆಯ ಮೇಲಿರಲಿಲ್ಲ. ಬೀರುವಿನ ಕೆಳಗಣ ಅರೆಯಲ್ಲಿ, ಹಳೆಯ ಪಂಚಾಂಗಗಳ ಹಿಂದೆ, ಉಸಿರು ನಿಂತುಹೋದ ಒಂದು ಸಂಚಾರಿ ದೂರವಾಣಿಯ ಹೊಟ್ಟೆಯೊಳಗೆ ಇದ್ದಿತು. ಆ ಯಂತ್ರದ ಗುಣದೋಷಗಳನ್ನು ಕುರಿತು ಕೆಲವು ಮಾತುಗಳನ್ನು ಬರೆಯಬೇಕೆಂದು ನನ್ನ ಉದ್ದೇಶ. ಈ ಪತ್ರಿಕೆಯನ್ನು ಓದುವ ಸೋದರ ಸೋದರಿಯರ ಮನೆಗಳಲ್ಲಿಯೂ ಇಂಥದೊಂದು ಎಲ್ಲಿಯೋ ಬಿದ್ದಿದ್ದೀತು. ಅದನ್ನು ಹಳೆಯ ಸಾಮಾನಿನವನ ತಕ್ಕಡಿಗೆ ಹಾಕುವ ಮುನ್ನ ಇದನ್ನೊಮ್ಮೆ ಓದಿದರೆ ನನ್ನ ಶ್ರಮವು ಸಾರ್ಥಕ.

ನಮ್ಮ ದೇಶದಲ್ಲಿ ಸಂಚಾರಿ ದೂರವಾಣಿಯ ಮೊದಲ ಕರೆಯು ೧೯೯೫ನೆಯ ಇಸವಿ ಜುಲೈ ೩೧ರಂದು ನಡೆಯಿತು; ಕಲ್ಕತ್ತೆಯಿಂದ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರಮಂತ್ರಿ ಸುಖರಾಮ್ ಅವರೊಡನೆ ಮಾತನಾಡಿದರು. ಆ ಕಾಲದಲ್ಲಿ ನಾವು ಮಾಡಿದ ಕರೆಗೆ ಮಾತ್ರವೇ ಅಲ್ಲದೆ ನಮಗೆ ಬಂದ ಕರೆಗೂ ಹಣ ತೆರಬೇಕಾಗಿದ್ದಿತು. ಹಳ್ಳಿಯ ಮೇಷ್ಟರಿಗೆ ಅದು ದೂರದ ಮಾತು. ೨೦೦೩ರ ಮೇ ತಿಂಗಳಿನಿಂದ ಬರುವ ಕರೆಗಳಿಗೆ ಹಣವಿಲ್ಲವೆಂದಾಯಿತು. ಆಗ ನಮ್ಮಂಥವರ ಕಿಸೆಯೊಳಕ್ಕೂ ಈ ಯಂತ್ರವು ಇಳಿಯತೊಡಗಿತು. ಅದುವರೆಗಿನ ಫೋನುಗಳ ತೆರೆಯು ಹಸುರೋ ಬೂದಿಯೋ ಆದ ನೆಲದ ಮೇಲೆ ಕಪ್ಪಕ್ಷರಗಳನ್ನು ತೋರಿಸುವ ಪುಟ್ಟ ಹಲಗೆ ಮಾತ್ರವಾಗಿದ್ದಿತು. ಬಣ್ಣವನ್ನು ತರುವ ಯತ್ನವು ಜರ್ಮನಿಯ ಸೀಮೆನ್ಸ್ ಸಂಸ್ಥೆಯವರಿಂದ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿಯೇ ನಡೆದಿದ್ದಿತು; ಅವರ ಎಸ್ ೧೦ ಎಂಬ ಯಂತ್ರದಲ್ಲಿ ನಾಲ್ಕೇ ನಾಲ್ಕು ಬಣ್ಣಗಳಿದ್ದುವು. ೨೦೦೧ರಲ್ಲಿ ಸ್ವೀಡನ್ ದೇಶದ ಎರಿಕ್ಸನ್ನಿನವರ ಟಿ ೬೮ ಬಂದಾಗ ಬಣ್ಣಗಳು ೨೫೬ ಆದುವು. ಮರುವರ್ಷ ಪೇಟೆಗೆ ಬಂದ ಫಿನ್ಲೆಂಡಿನ ನೋಕಿಯಾದವರ ೭೬೫೦ರಲ್ಲಿ ೪೦೯೬. ಅದೇ ಸಂಸ್ಥೆಯವರು ೨೦೦೩ರ ಜೂನ್ ತಿಂಗಳಲ್ಲಿ ಪ್ರಕಟಪಡಿಸಿದ ೬೬೦೦ ಎಂಬುದರಲ್ಲಿ ೬೫,೫೩೬. ನಾನು ಹೇಳಹೊರಟಿರುವುದು ಈ ಕೊನೆಯದರ ಕಥೆ.

ಇಲ್ಲಿ ಒಂದು ಕ್ಷಣ ದಾರಿಬಿಟ್ಟು ಹೋಗುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ಈ ಸಂಖ್ಯೆಗಳನ್ನು ಮೊದಲು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಹಳೆಯ ಗೆಳೆಯರನ್ನು ಕಂಡಂತಾಯಿತು. ಛಂದಶ್ಶಾಸ್ತ್ರವನ್ನು ಓದಿದವರಿಗೆ ಪ್ರಸ್ತಾರವೆಂಬುದು ಗೊತ್ತಿರುವುದು. ಪಾದದ ಒಂದೊಂದು ಅಕ್ಷರವೂ ಗುರುವಾಗಬಹುದು, ಇಲ್ಲವೆ ಲಘುವಾಗಬಹುದು. ಆದುದರಿಂದ ಎಂಟಕ್ಷರದ ಅನುಷ್ಟುಪ್ಪಿನಲ್ಲಿ ಪಾದವು ೨೫೬ ಬಗೆಯಾಗಬಲ್ಲುದು. ಹನ್ನೆರಡಕ್ಷರದ ಜಗತಿಯಲ್ಲಿ ೪೦೯೬ ಬಗೆ. ಹದಿನಾರಕ್ಷರದ ಅಷ್ಟಿಯಲ್ಲಿ ೬೫,೫೩೬ ಬಗೆ. ಯಂತ್ರದವರ ಬಳಿಯಲ್ಲಿ ಇರುವುದೂ ಎರಡೇ, ಸೊನ್ನೆ ಮತ್ತು ಒಂದು. ಒಂದು ಬಣ್ಣವನ್ನು ಹೇಳುವುದಕ್ಕೆ ಎಂಟು ಸ್ಥಾನಗಳನ್ನು ಕೊಟ್ಟವರಿಗೆ ಅನುಷ್ಟುಪ್ಪಿನಷ್ಟು ಬಣ್ಣ, ಹದಿನಾರು ಕೊಟ್ಟವರಿಗೆ ಅಷ್ಟಿಯಷ್ಟು ಬಣ್ಣ. ಆ ಹದಿನಾರನ್ನು ಸಾಮಾನ್ಯವಾಗಿ ಕೆಂಪಿಗೆ ಐದು, ಹಸುರಿಗೆ ಆರು, ನೀಲಿಗೆ ಐದು ಎಂದು ಹಂಚುವರು. ಹಸುರಿಗೆ ಒಂದು ಹೆಚ್ಚೇಕೆಂದರೆ, ಮನುಷ್ಯನ ಕಣ್ಣು ಹಸುರಿನ ಛಾಯಾಭೇದಗಳನ್ನು ಉಳಿದ ಬಣ್ಣಗಳಿಗಿಂತ ಸೂಕ್ಷ್ಮವಾಗಿ ಗ್ರಹಿಸುವುದು. ಹೇಮಾವತಿಯ ಬಯಲಿನ ಗದ್ದೆಗಳನ್ನು ನೋಡಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇದರಲ್ಲಿ ವಿನೋದವೊಂದುಂಟು. ಆ ತೆರೆಯಲ್ಲಿದ್ದ ಬಿಂದುಗಳು ಅಡ್ಡಲಾಗಿ ೧೭೬, ಉದ್ದಕ್ಕೆ ೨೦೮. ಎಲ್ಲ ಸೇರಿ ೩೬,೬೦೮. ಒಂದೊಂದು ಬಿಂದುವೂ ಬೇರೆಬೇರೆ ಬಣ್ಣವನ್ನು ಉಟ್ಟು ನಿಂತರೂ, ಉಡುವವರಿಲ್ಲದೆ ಪೆಟ್ಟಿಗೆಯಲ್ಲಿ ಉಳಿಯುವ ಸೀರೆಗಳೇ ಸುಮಾರು ಇಪ್ಪತ್ತೊಂಬತ್ತು ಸಾವಿರ! ಆದರೂ ಅಂಗಡಿಯವರು ಈ ಸಂಖ್ಯೆಯನ್ನೇ ಎತ್ತಿ ಹೇಳುತ್ತಿದ್ದರು.

ಆ ಫೋನನ್ನು ಕೊಂಡವನು ನಾನಲ್ಲ, ಬೆಂಗಳೂರಿನಲ್ಲಿರುವ ನನ್ನ ತಮ್ಮ. ೨೦೦೪ರಲ್ಲಿ ಅದರ ಬೆಲೆಯು ನನ್ನ ಒಂದು ತಿಂಗಳ ಸಂಬಳವನ್ನು ಮೀರಿದ್ದಿತು. ಎರಡು ವರ್ಷ ಅವನು ಉಪಯೋಗಿಸಿ, ಹೊಸದೊಂದನ್ನು ಕೊಂಡುಕೊಂಡು, ೨೦೦೬ರ ಗೌರಿಹಬ್ಬಕ್ಕೆ ಊರಿಗೆ ಬಂದಾಗ, "ಅಣ್ಣ, ಇದು ನಿನಗಿರಲಿ" ಎಂದು ಕೈಯಲ್ಲಿಟ್ಟನು. ಅದು ಮೊಟ್ಟೆಯಂತೆ ಮಧ್ಯದಲ್ಲಿ ಉಬ್ಬಿದ್ದು ಎರಡು ತುದಿಗಳಲ್ಲಿ ದುಂಡಗಿದ್ದಿತು. ಸುಮಾರು ಒಂದು ಅಂಗುಲದಷ್ಟು ದಪ್ಪ. ತೂಕವು ೧೨೦ ಗ್ರಾಂಗಿಂತ ಸ್ವಲ್ಪ ಹೆಚ್ಚು. ಅದನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡರೆ ಕಿಸೆ ಜೋಲುವುದೆಂದು ನಾವೆಲ್ಲ ಆಗ ಹಾಸ್ಯಮಾಡುತ್ತಿದ್ದೆವು. ಈಗ ನನ್ನ ಮಗನು ಹಿಡಿದು ತಿರುಗುವ ಫೋನನ್ನು ತೂಗಿಸಿದರೆ ಅದಕ್ಕಿಂತ ಒಂದೂವರೆ ಪಾಲು ಭಾರವಾಗಿದೆ; ಯಾರೂ ಆ ಮಾತನ್ನೆತ್ತುವುದಿಲ್ಲ.

ಮೊದಲು ದೋಷಗಳನ್ನೇ ಹೇಳುವೆನು. ಬಣ್ಣದ ತೆರೆಗೆ ಹಗಲೆಂದರೆ ಆಗದು. ಕಪ್ಪು ಬಿಳುಪಿನ ಹಳೆಯ ತೆರೆಯ ಹಿಂದೆ ಕನ್ನಡಿಯಂಥ ಒಂದು ಪದರವಿದ್ದು, ಅದು ಹೊರಗಿನ ಬೆಳಕನ್ನೇ ಹಿಂದಿರುಗಿಸುತ್ತಿದ್ದಿತು. ಬಿಸಿಲು ಹೆಚ್ಚಿದಷ್ಟೂ ಅಕ್ಷರವು ಚೆನ್ನಾಗಿ ಕಾಣುವುದು. ಬಣ್ಣದ ತೆರೆಯ ಕ್ರಮ ಬೇರೆ. ಅದರಲ್ಲಿರುವ ದ್ರವಸ್ಫಟಿಕಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬಿಳಿಯ ದೀಪವನ್ನು ಹತ್ತಿಸಿ, ಒಂದೊಂದು ಬಿಂದುವಿಗೂ ಕೆಂಪು, ಹಸುರು, ನೀಲಿಯ ಮೂರು ಪುಟ್ಟ ಗಾಜಿನ ಕಿಟಕಿಗಳನ್ನಿಟ್ಟು, ಆ ಕಿಟಕಿಗಳ ಬಾಗಿಲನ್ನು ಬೇಕಾದಷ್ಟೇ ತೆರೆದು ಮುಚ್ಚುವುದು ಸ್ಫಟಿಕದ ಕೆಲಸ. ಕೆಂಪು ಕಿಟಕಿಯು ಕೆಂಪನ್ನು ಬಿಟ್ಟುಕೊಟ್ಟು ಉಳಿದುದನ್ನು ನುಂಗುವುದು. ಮಿಕ್ಕೆರಡರ ಪಾಡೂ ಅದೇ. ಹೀಗೆ ದೀಪದ ಬೆಳಕಿನಲ್ಲಿ ಮೂರರಲ್ಲೆರಡು ಪಾಲು ಕಿಟಕಿಗಳಲ್ಲಿಯೇ ಹಾಳಾಗುವುದು. ಆದಕಾರಣ ಅಂಗಳದ ಬಿಸಿಲಿನಲ್ಲಿ ನಿಂತು ಕರೆ ಯಾರದೆಂದು ನೋಡಬೇಕಾದರೆ, ಅಂಗೈಯನ್ನು ಮರೆಮಾಡಿ, ಬಾವಿಯೊಳಕ್ಕೆ ಬಗ್ಗಿ ನೋಡುವವನಂತೆ ನೋಡಬೇಕಾಗಿದ್ದಿತು. ಅಷ್ಟರಲ್ಲಿ ಅತ್ತಣವರು ಬೇಸತ್ತು ಇಟ್ಟುಬಿಡುತ್ತಿದ್ದರು.

ಈ ದೀಪದ ಖರ್ಚನ್ನು ತೆರುವುದು ಬ್ಯಾಟರಿಯಲ್ಲವೆ? ಇಲ್ಲಿ ನಮ್ಮ ಮನೆಯಲ್ಲಿಯೇ ಒಂದು ಪರೀಕ್ಷೆ ನಡೆಯಿತು. ನಮ್ಮ ಮನೆಯಾಕೆಯ ಹತ್ತಿರ ನೋಕಿಯಾ ೧೧೦೦ ಎಂಬ ಅಗ್ಗದ ಫೋನು ಇದ್ದಿತು. ಅದೂ ೨೦೦೩ರಲ್ಲಿಯೇ ಹುಟ್ಟಿದುದು, ಅದೇ ತಾಯಿಯ ಮಗು. ಬಣ್ಣವಿಲ್ಲ, ಕ್ಯಾಮರಾ ಇಲ್ಲ, ನೆತ್ತಿಯಲ್ಲಿ ಒಂದು ಟಾರ್ಚು ಮಾತ್ರವುಂಟು. ಲೋಕದಲ್ಲಿ ಇಪ್ಪತ್ತೈದು ಕೋಟಿಯಷ್ಟು ಮಾರಾಟವಾಯಿತೆಂದು ಪ್ರಸಿದ್ಧಿ. ಈ ಎರಡು ಫೋನುಗಳಿಗೂ ಬ್ಯಾಟರಿ ಒಂದೇ: ಬಿ ಎಲ್ ೫ ಸಿ ಎಂಬ ಹೆಸರಿನ, ಗಟ್ಟಿ ಬಿಸ್ಕತ್ತಿನಷ್ಟು ದೊಡ್ಡದಾದ, ಚೌಕನೆಯ ವಸ್ತು. ಆಕೆಯ ಫೋನಿನಲ್ಲಿ ಅದು ವಾರದ ಹತ್ತಿರ ಬಾಳಿದರೆ, ನನ್ನದರಲ್ಲಿ ಎರಡನೆಯ ದಿನದ ಸಂಧ್ಯಾಕಾಲಕ್ಕೆ ಪ್ರಾಣಬಿಡುತ್ತಿದ್ದಿತು. ನಮ್ಮೂರಿನಲ್ಲಿ ಆಗ ವಿದ್ಯುತ್ತು ಬರುವುದಕ್ಕೂ ಹೋಗುವುದಕ್ಕೂ ನೇಮವಿರಲಿಲ್ಲ. ಅವಸರದ ಸಮಯದಲ್ಲಿ ನಾನು ಆಕೆಯ ಫೋನಿನ ಬೆನ್ನನ್ನು ಬಿಚ್ಚಿ ಬ್ಯಾಟರಿಯನ್ನು ಕದಿಯುತ್ತಿದ್ದೆನು. "ನಿಮ್ಮದರಲ್ಲಿ ಅರುವತ್ತು ಸಾವಿರ ಬಣ್ಣ ಇರಬಹುದೂಂದ್ರೆ, ಕರೆಂಟು ಹೋದಾಗ ಅಕ್ಕಿಯಲ್ಲಿ ಕಲ್ಲು ನೋಡೋಕೆ ಬೇಕಾದ್ದು ನನ್ನದೇ" ಎಂದು ಆಕೆ ಒಂದು ರಾತ್ರಿ ಹೇಳಿದುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಇನ್ನುಳಿದ ಕೊರತೆಗಳನ್ನು ಬೇಗನೆ ಹೇಳಿ ಮುಗಿಸುವೆನು. ಅದರಲ್ಲಿ ರೇಡಿಯೋ ಇರಲಿಲ್ಲ. ಚಲಿಸುವ ಚಿತ್ರವನ್ನು ಹಿಡಿಯಬಹುದೆಂದು ಹೆಸರೇ ಹೊರತು, ಅಂಚೆಚೀಟಿಯಷ್ಟು ಚಿತ್ರ, ಹತ್ತು ಸೆಕೆಂಡುಗಳ ಅವಧಿ. ಅಷ್ಟರಲ್ಲಿ ನಮ್ಮ ಪುರೋಹಿತರು ಆಚಮನವನ್ನೂ ಮುಗಿಸಲಾರರು. ಹೆಚ್ಚಿನ ಚಿತ್ರಗಳನ್ನು ಕೂಡಿಡುವ ಕಾರ್ಡಿನ ಗೂಡು ಬ್ಯಾಟರಿಯ ಅಡಿಯಲ್ಲಿದ್ದುದರಿಂದ, ಅದನ್ನು ತೆಗೆಯಬೇಕಾದರೆ ಫೋನನ್ನೇ ಆರಿಸಬೇಕು. ೨೦೦೪ರಲ್ಲಿ ಕಬೀರ್ ಎಂಬ ಹೆಸರಿನ ಒಂದು ಕೀಟವು ಈ ಜಾತಿಯ ಫೋನುಗಳಿಗೆ ಹುಟ್ಟಿಕೊಂಡಿತು. ಬ್ಲೂಟೂತ್ ಎಂಬ ತಂತಿಯಿಲ್ಲದ ದಾರಿಯಲ್ಲಿ ಹತ್ತಿರದ ಫೋನಿಗೆ ಹೋಗಿ, "ಒಳಗೆ ಬರಲೆ?" ಎಂದು ಕೇಳಿ, ಬಾ ಎಂದವರೊಳಗೆ ನೆಲಸಿ, ಬ್ಯಾಟರಿಯನ್ನು ಬರಿದುಮಾಡುವುದು ಅದರ ಕೆಲಸ. ಸಂತಕವಿಯ ಹೆಸರು ಹುಳಕ್ಕೆ ಹೇಗೆ ಬಂದಿತೋ ಎಂದು ಕೆಲವು ಕಾಲ ನೊಂದುಕೊಂಡಿದ್ದೆನು. ಅದಕ್ಕೂ ಕಬೀರದಾಸರಿಗೂ ಸಂಬಂಧವಿಲ್ಲವೆಂದು ಆಮೇಲೆ ತಿಳಿಯಿತು.

ಆದರೆ ಆ ಕಾಲದ ಫೋನುಗಳ ದೋಷಗಳಲ್ಲಿ ನನ್ನನ್ನು ಮುಖ್ಯವಾಗಿ ಬಾಧಿಸಿದುದು ಬಣ್ಣಕ್ಕೂ ಬ್ಯಾಟರಿಗೂ ಸಂಬಂಧಿಸಿದುದಲ್ಲ. ಅರುವತ್ತೈದು ಸಾವಿರ ಬಣ್ಣಗಳನ್ನು ತೋರಿಸಬಲ್ಲ ತೆರೆಯ ಮೇಲೆ ಕನ್ನಡದ ಒಂದು 'ಅ'ಕಾರವನ್ನು ಕಾಣುವ ಹಾಗಿರಲಿಲ್ಲ. ನಮ್ಮ ಲಿಪಿಗೆ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ೧೯೯೧ರಲ್ಲಿಯೇ ಸ್ಥಾನ ಸಿಕ್ಕಿದ್ದಿತು. ಆದರೆ ಅಂಕಿತವನ್ನು ಕೊಟ್ಟರೆ ಸಾಲದು. ಒತ್ತಕ್ಷರವನ್ನು ಅಡಿಯಲ್ಲಿಯೂ, ಗುಣಿತದ ಕೊಂಬನ್ನು ಬಲದಲ್ಲಿಯೂ, ಅರ್ಕಾವೊತ್ತನ್ನು ಉಚ್ಚಾರದ ಕ್ರಮಕ್ಕೆ ವಿರುದ್ಧವಾಗಿ ಅಕ್ಷರದ ಹಿಂದೆಯೂ ಕೂರಿಸಬಲ್ಲ ಒಬ್ಬ ಅಚ್ಚುಮೊಳೆಗಾರನು ಯಂತ್ರದೊಳಗಿರಬೇಕು. ಅವನು ಬರುವುದಕ್ಕೆ ಇನ್ನೂ ಕೆಲವು ವರ್ಷಗಳು ಹಿಡಿದುವು. ಅದಲ್ಲದೆ, ಒಂದು ಕಿರುಸಂದೇಶದಲ್ಲಿ ಇಂಗ್ಲಿಷಿನ ೧೬೦ ಅಕ್ಷರಗಳು ಹಿಡಿಯುವುವು. ಕನ್ನಡದ್ದಾದರೆ ೭೦ ಮಾತ್ರ. ಕಾರಣವೇನೆಂದರೆ, ಇಂಗ್ಲಿಷಿನ ಅಕ್ಷರವೊಂದಕ್ಕೆ ಏಳು ಸ್ಥಾನಗಳು ಸಾಕು, ನಮ್ಮದಕ್ಕೆ ಹದಿನಾರು ಬೇಕು. ಆದುದರಿಂದ ನಾವೆಲ್ಲರೂ ನಮ್ಮ ಮಾತಿಗೆ ಇಂಗ್ಲಿಷಿನ ಅಂಗಿಯನ್ನು ತೊಡಿಸಿ ಕಳುಹಿಸುತ್ತಿದ್ದೆವು.

ಅದರಿಂದಾದ ಒಂದು ಪ್ರಸಂಗವನ್ನು ಹೇಳದೆ ಇರಲಾರೆನು. ೨೦೦೮ರಲ್ಲಿ ನನ್ನ ತಮ್ಮನು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದನು. ಗೃಹಪ್ರವೇಶಕ್ಕೆ ಎರಡು ದಿನ ಮುಂಚೆ ಅವನಿಂದ ಒಂದು ಸಂದೇಶ ಬಂದಿತು. ಬಿ, ಎ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು. ಅದರ ಮುಂದೆ ಹತ್ತು ಡಜನ್ ತರಬೇಕೆಂದು. ಈ ನಾಲ್ಕಕ್ಷರಗಳನ್ನು ಬಾಳೆಯೆಂದು ಓದಬಹುದು, ಬಳೆಯೆಂದು ಓದಬಹುದು, ಬಲೆಯೆಂದೂ ಬಾಲೆಯೆಂದೂ ಓದಬಹುದು. ವಿದ್ಯಾರ್ಥಿಗಳಿಗೆ ಲಳಯೋರಭೇದವನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನಾನು, ಡಜನ್ ಎಂಬ ಮಾತನ್ನು ನೋಡಿ, ಮುತ್ತೈದೆಯರಿಗೆ ಕೊಡುವುದಕ್ಕೆ ಬಳೆಯೇ ಇರಬೇಕೆಂದು ನಿಶ್ಚಯಿಸಿದೆನು. ಮನೆಯಾಕೆಯೂ ಸಂತೋಷದಿಂದ ಹಾಸನಕ್ಕೆ ಹೋಗಿ, ಹತ್ತು ಡಜನ್ ಗಾಜಿನ ಬಳೆಗಳನ್ನು, ಹಸುರೊಂದು ಕೆಂಪೊಂದು ಆರಿಸಿ, ಹುಲ್ಲಿನಲ್ಲಿ ಸುತ್ತಿ ಕಟ್ಟಿಸಿಕೊಂಡು ಬಂದಳು. ಅವನು ಬಯಸಿದುದು ನಮ್ಮ ತೋಟದ ಪುಟ್ಟಬಾಳೆಯ ಹಣ್ಣು. ಆ ದಿನ ಬಂದ ಹೆಂಗಸರೆಲ್ಲರೂ ತಾಂಬೂಲದಲ್ಲಿ ಹಣ್ಣಿಲ್ಲದೆ, ಕೈತುಂಬ ಬಳೆ ತೊಟ್ಟುಕೊಂಡು ಮನೆಗೆ ಹೋದರು. ನಮ್ಮ ತಾಯಿಯವರು ಈ ಕಥೆಯನ್ನು ಸಾಯುವವರೆಗೂ ಹೇಳಿ ಹೇಳಿ ನಗುತ್ತಿದ್ದರು.

ಆ ನಗುವಿನ ವಿಷಯಕ್ಕೇ ಬರುವೆನು. ಅವರಿಗೆ ಮುಂದಿನ ಹಲ್ಲೊಂದು ಬಿದ್ದುಹೋಗಿದ್ದಿತು. ಆದುದರಿಂದ ಯಾರಾದರೂ ಕ್ಯಾಮರಾ ಹಿಡಿದು ಬಂದರೆ ಸಾಕು, ನಗು ಮಾಯವಾಗಿ ಬಾಯಿ ಬೀಗ ಹಾಕಿದಂತಾಗುತ್ತಿದ್ದಿತು. ಮದುವೆ ಮುಂಜಿಗಳ ಚಿತ್ರಗಳಲ್ಲೆಲ್ಲ ಅವರದು ಆ ಒಂದೇ ಮುಖ. ಸ್ಟುಡಿಯೋದವನು "ಸ್ವಲ್ಪ ನಗಿ ಅಮ್ಮ" ಎಂದರೆ ಇನ್ನಷ್ಟು ಬಿಗಿಯುವರು. ಆದರೆ ಫೋನು ಅವರ ಎಣಿಕೆಯಲ್ಲಿ ಮಾತನಾಡುವ ಡಬ್ಬಿ. ಅದಕ್ಕೆ ಕಣ್ಣಿದೆಯೆಂಬುದನ್ನು ಅವರು ತಿಳಿದಿರಲಿಲ್ಲ. ನನ್ನ ಫೋನಿನ ಕಣ್ಣಾದರೋ ಬೆನ್ನಿನಲ್ಲಿ ಉದ್ದಿನಕಾಳಿನಷ್ಟು ಇದ್ದಿತು.

೨೦೦೭ರ ಬೇಸಗೆಯಲ್ಲಿ ಒಂದು ದಿನ ಬೆಳಗ್ಗೆ ಅವರು ತಾರಸಿಯ ಮೇಲೆ ಹಳೆಯ ಪಂಚೆಯನ್ನು ಹರವಿ ಸಂಡಿಗೆ ಇಡುತ್ತಿದ್ದರು. ಪಕ್ಕದಲ್ಲಿ ಕಾಗೆಗಳನ್ನು ಓಡಿಸುವ ಕಾವಲಿಗೆ ನನ್ನ ತಮ್ಮನ ಮಗ. ಅವನಿಗೆ ಆಗ ಐದು ವರ್ಷ. ನಾನು ಮೂಲೆಯಲ್ಲಿ ನಿಂತು, ಫೋನಿಗೆ ಸಂಕೇತ ಸಿಕ್ಕುವುದೇ ಎಂದು ನೋಡುತ್ತಿದ್ದೆನು. ನಮ್ಮ ಮನೆಯಲ್ಲಿ ತಾರಸಿಯ ಆ ಮೂಲೆಯೊಂದರಲ್ಲಿ ಮಾತ್ರ ಅದು ಸಿಕ್ಕುತ್ತಿದ್ದಿತು. ಅಮ್ಮನು ತಿರುಗಿ ನೋಡುವಷ್ಟರಲ್ಲಿ ಸಂಡಿಗೆಯ ಒಂದು ಸಾಲೇ ಕಾಣಲಿಲ್ಲ. "ಯಾರೋ ತಿಂದದ್ದು?" ಎಂದು ಕೇಳಿದರು. ಹುಡುಗನು ಎರಡು ಕೆನ್ನೆಗಳನ್ನೂ ಉಬ್ಬಿಸಿಕೊಂಡು, ಗದ್ದದ ತುಂಬ ಹಿಟ್ಟು ಬಳಿದುಕೊಂಡು, "ಕಾಗೆ ಅಜ್ಜಿ" ಎಂದನು. ಅಮ್ಮನು ನಕ್ಕರು. ಹಿಟ್ಟಿನ ಕೈಯನ್ನು ಹಾಗೆಯೇ ಎತ್ತಿ, ತಲೆಯನ್ನು ಹಿಂದಕ್ಕೆ ಹಾಕಿ, ಬಾಯ್ತುಂಬ ನಕ್ಕರು. ಕೈಯಲ್ಲಿ ಹಿಡಿದಿದ್ದ ಯಂತ್ರದ ನಡುಗುಂಡಿಯನ್ನು ನಾನು ಒತ್ತಿಬಿಟ್ಟೆನು.

ಗುಣಗಳಲ್ಲಿ ಇದನ್ನು ನಾನು ಮೊದಲನೆಯದಾಗಿ ಎಣಿಸುವೆನು. ಕ್ಯಾಮರಾದಂತೆ ಕಾಣದ ಕ್ಯಾಮರಾ ಅದು. ಅದರ ಚಿತ್ರವು ೬೪೦ ಬಿಂದು ಅಗಲ, ೪೮೦ ಬಿಂದು ಎತ್ತರ. ಇಂದಿನವರು ಕೇಳಿದರೆ ಮೂಗು ಮುರಿಯುವ ಅಳತೆ. ಆದರೆ ಸ್ಟುಡಿಯೋದವರ ದೊಡ್ಡ ಕ್ಯಾಮರಾಗಳು ನಾಲ್ಕು ಮದುವೆಗಳಲ್ಲಿ ಹಿಡಿಯಲಾರದುದನ್ನು ಈ ಉದ್ದಿನಕಾಳು ಹಿಡಿದಿದ್ದಿತು.

ಆಮೇಲೆ ನಡೆದುದರಲ್ಲಿ ನನ್ನ ಆಲಸ್ಯವೇ ಕಾರಣ. ಚಿತ್ರವನ್ನು ಆಗಾಗ ತೆರೆದು ನೋಡಿ ಸಂತೋಷಪಡುತ್ತಿದ್ದೆನೇ ಹೊರತು, ಅದನ್ನು ಕಾಗದಕ್ಕೆ ಇಳಿಸುವ ಯೋಚನೆ ಮಾಡಲಿಲ್ಲ. ಫೋನಿನಲ್ಲಿರುವುದು ಫೋನಿನಲ್ಲಿಯೇ ಇರುವುದೆಂದು ತಿಳಿದಿದ್ದೆನು. ಅದೇ ವರ್ಷ ಆಗಸ್ಟಿನಲ್ಲಿ, ೨೦೦೫ರ ಕೊನೆಯಿಂದ ೨೦೦೬ರ ನವೆಂಬರ್‌ವರೆಗೆ ಜಪಾನಿನ ಮತ್ಸುಶಿತಾ ಕಾರ್ಖಾನೆಯಲ್ಲಿ ತಯಾರಾದ ಬಿ ಎಲ್ ೫ ಸಿ ಬ್ಯಾಟರಿಗಳು ತುಂಬಿಸುವಾಗ ಅತಿಯಾಗಿ ಕಾಯಬಹುದೆಂದು ನೋಕಿಯಾದವರು ಪ್ರಕಟಣೆ ಕೊಟ್ಟರು. ಅಂಥ ಬ್ಯಾಟರಿಗಳು ನಾಲ್ಕು ಕೋಟಿ ಅರುವತ್ತು ಲಕ್ಷ. ವಾಚಕರಲ್ಲಿ ಕೆಲವರಿಗೆ ಆ ಗಲಭೆಯು ನೆನಪಿರಬಹುದು. ನನ್ನ ತಮ್ಮನ ಬ್ಯಾಟರಿಯು ೨೦೦೪ರದು, ಆ ಪಟ್ಟಿಗೆ ಸೇರಿದುದಲ್ಲ. ಆದರೂ ಮನೆಯಾಕೆಯು ಹೆದರಿ, ನನ್ನ ಫೋನನ್ನು ಕೆಲವು ರಾತ್ರಿ ಬಚ್ಚಲುಮನೆಯ ಕಟ್ಟೆಯ ಮೇಲೆ ಮಲಗಿಸಿದ್ದಳು. ಅಮ್ಮನು ತೀರಿಕೊಂಡಾಗ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದುದು ಚುನಾವಣೆಯ ಚೀಟಿ. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಮುಂದೆ ಒಂದೆರಡು ವರ್ಷಗಳಲ್ಲಿ ಬ್ಯಾಟರಿಗೆ ವಯಸ್ಸಾಗಿ ಸತ್ತಿತು, ಅದರ ದಪ್ಪಮೂತಿಯ ತುಂಬಿಸುವ ತಂತಿಯೂ ಎಲ್ಲಿಯೋ ಕಳೆದುಹೋಯಿತು, ನಾನು ಹೊಸ ಫೋನು ಕೊಂಡೆನು. ಹಳೆಯದು ಪಂಚಾಂಗಗಳ ಹಿಂದಕ್ಕೆ ಹೋಯಿತು.

ಶ್ರಾದ್ಧದ ದಿನ ಮಗುವಿನ ಮಾತನ್ನು ಕೇಳಿ ನಾನು ಎದ್ದುಹೋಗಿ ಆ ಫೋನನ್ನು ಹುಡುಕಿ ತಂದೆನು. ಅಂದು ಸಂಡಿಗೆ ತಿಂದ ಹುಡುಗನು ಈಗ ಬೆಂಗಳೂರಿನಲ್ಲಿ ಎಂಜಿನಿಯರು. ಅವನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ದೊಡ್ಡಪ್ಪ, ಇದಕ್ಕೆ ಚಾರ್ಜರು ಈಗ ಎಲ್ಲಿ ಸಿಕ್ಕುತ್ತೆ?" ಎಂದನು. ನಾನು ಬೆನ್ನಿನ ಮುಚ್ಚಳವನ್ನು ತೆಗೆದು ನೋಡಿದೆನು. ಬ್ಯಾಟರಿಯು ಸ್ವಲ್ಪ ಊದಿಕೊಂಡಿದ್ದಿತು. ಅದನ್ನು ತೆಗೆದು ದೂರವಿರಿಸಿದೆವು. ಅದರ ಮೇಲೆ ಬರೆದಿದ್ದ ಹೆಸರನ್ನು ನೋಡುತ್ತಿರುವಾಗ ಮನೆಯಾಕೆಯು ಒಲೆಯ ಬಳಿಯಿಂದಲೇ, "ನಮ್ಮ ರೇಡಿಯೋದಲ್ಲಿರೋದೂ ಅದೇ ಅಲ್ಲವೇಂದ್ರೆ?" ಎಂದಳು.

ಅಡುಗೆಮನೆಯ ಕಿಟಕಿಯಲ್ಲಿ ಒಂದು ಪುಟ್ಟ ರೇಡಿಯೋ ಇದೆ. ಹಾಸನ ಆಕಾಶವಾಣಿಯನ್ನು ಕೇಳುವುದಕ್ಕೆಂದು ಜಾತ್ರೆಯಲ್ಲಿ ಕೊಂಡುದು. ಇಂಥ ಅಗ್ಗದ ರೇಡಿಯೋಗಳನ್ನು ಮಾಡುವವರು ಬೇರೆ ಬ್ಯಾಟರಿಯನ್ನು ಹುಡುಕುವ ಗೋಜಿಗೆ ಹೋಗದೆ, ಎಲ್ಲೆಲ್ಲೂ ಸಿಕ್ಕುವ ಬಿ ಎಲ್ ೫ ಸಿಯ ಅಳತೆಯದನ್ನೇ ಹಾಕುವರು. ರೇಡಿಯೋದ ಬೆನ್ನನ್ನು ಬಿಚ್ಚಿ, ಅದರ ಬ್ಯಾಟರಿಯನ್ನು ಫೋನಿನ ಗೂಡಿನಲ್ಲಿಟ್ಟೆವು. ಅಳೆದು ಮಾಡಿದಂತೆ ಕುಳಿತಿತು. ಇಂದಿನ ಫೋನುಗಳ ಬೆನ್ನನ್ನು ಅಂಟು ಹಾಕಿ ಮುಚ್ಚಿರುವರು. ಬ್ಯಾಟರಿ ಸತ್ತರೆ ಅಂಗಡಿಯವನ ಮುಂದೆ ಕೈಕಟ್ಟಿ ನಿಲ್ಲಬೇಕು. ಇದಾದರೋ ಹದಿನೈದು ವರ್ಷದ ಮೇಲೆ, ಅಡುಗೆಮನೆಯ ಸಾಮಾನಿನಿಂದಲೇ ಎದ್ದಿತು. ಹಳೆಯ ಸಿಮ್ ಕಾರ್ಡು ಒಳಗೇ ಇದ್ದುದು ನಮ್ಮ ಪುಣ್ಯ. ತೆರೆಯು ಬೆಳಗಿತು, ಎರಡು ಕೈಗಳು ಒಂದನ್ನೊಂದು ಹಿಡಿಯುವ ಚಿತ್ರವು ಮೂಡಿತು, ಆ ಹಳೆಯ ರಾಗವು ಕೇಳಿತು. ಮನೆಯವರೆಲ್ಲರೂ ಮುತ್ತಿಕೊಂಡರು.

ಚಿತ್ರವಿದ್ದಿತು. ಎರಡಂಗುಲದ ತೆರೆಯಲ್ಲಿ ಅಮ್ಮನು ಹಿಟ್ಟಿನ ಕೈಯನ್ನೆತ್ತಿಕೊಂಡು ನಗುತ್ತಿದ್ದರು. ಸೆರಗಿನ ಕುಂಕುಮದ ಬಣ್ಣ, ಹಿಂದಿನ ತೆಂಗಿನ ಗರಿಯ ಹಸುರು, ಬಿಸಿಲು, ಎಲ್ಲವೂ ನಿನ್ನೆ ತೆಗೆದಂತೆ. ನನ್ನ ತಮ್ಮನು ಒಂದು ಮಾತನ್ನೂ ಆಡದೆ ಹೊರಗೆ ಜಗಲಿಗೆ ಹೋಗಿ ಕುಳಿತನು.

ಹುಡುಗನು ಬ್ಲೂಟೂತಿನ ಮೂಲಕ ಆ ಚಿತ್ರವನ್ನು ತನ್ನ ದೊಡ್ಡ ಫೋನಿಗೆ ತರಿಸಿಕೊಂಡನು. ಇಪ್ಪತ್ತು ವರ್ಷಗಳ ಅಂತರವಿದ್ದರೂ ಆ ಎರಡು ಯಂತ್ರಗಳಿಗೆ ಒಂದರ ಮಾತು ಒಂದಕ್ಕೆ ಅರ್ಥವಾಯಿತು. ಇದನ್ನೂ ಗುಣವೆಂದೇ ಬರೆದುಕೊಳ್ಳಬೇಕು. ಆದರೆ ಅಂಗೈಯಗಲದ ಆ ತೆರೆಯಲ್ಲಿ ನೋಡಿದಾಗ ನಮ್ಮೆಲ್ಲರ ಮುಖವೂ ಬಾಡಿತು. ಮುಖವೆಲ್ಲ ಮಬ್ಬುಮಬ್ಬಾಗಿ, ಕೆನ್ನೆಯ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆನು. ಚಿತ್ರದಲ್ಲಿರುವ ಬಿಂದುಗಳು ೩,೦೭,೨೦೦. ಹಳೆಯ ತೆರೆಯಲ್ಲಿ ಆ ಚಿತ್ರಕ್ಕೆ ಸಿಕ್ಕುವ ಸ್ಥಳ ೧೭೬ ಅಗಲ, ೧೩೨ ಎತ್ತರ. ಅಂದರೆ ಸುಮಾರು ಹದಿಮೂರು ಬಿಂದುಗಳು ಕೂಡಿ ಅಲ್ಲಿ ಒಂದು ಬಿಂದುವಾಗುವುವು. ಹದಿಮೂರರ ಕುಂದುಗಳು ಒಂದರಲ್ಲಿ ಬೆರೆತು ಅಡಗಿಹೋಗುವುವು. ಹೊಸ ತೆರೆಯಲ್ಲಿ ಇದಕ್ಕೆ ವಿಪರೀತವಾಗಿ, ಅದೇ ಚಿತ್ರವು ೧೪೪೦ ಅಗಲಕ್ಕೂ ೧೦೮೦ ಎತ್ತರಕ್ಕೂ ಹಿಗ್ಗಬೇಕಾಗಿ, ಒಂದು ಬಿಂದುವು ಐದಾಗುವುದು, ಕುಂದೂ ಐದಾಗುವುದು. ಆ ಕ್ಯಾಮರಾಕ್ಕೆ ಆ ತೆರೆಯೇ ಸರಿ. ತನ್ನ ಕಣ್ಣು ಕಂಡಷ್ಟನ್ನೇ ತೋರಿಸುವ ಮುಖ ಅದರದು.

ಮರುದಿನ ಪಟ್ಟಣದ ಸ್ಟುಡಿಯೋಗೆ ಹೋದೆನು. ಗೋಡೆಯ ಮೇಲಿನ ಪಟದಷ್ಟೇ ದೊಡ್ಡದಾಗಿ ಮಾಡಿಸಬೇಕೆಂದು ನನ್ನ ಆಸೆ. ಅಲ್ಲಿಯ ಹುಡುಗನು ನೋಡಿ, "ಅಷ್ಟು ದೊಡ್ಡದು ಮಾಡಿದರೆ ಒಡೆದುಹೋಗುತ್ತೆ ಮೇಷ್ಟ್ರೇ, ಚಿಕ್ಕದೇ ಚೆನ್ನಾಗಿ ಬರೋದು" ಎಂದನು. ಮೂರಂಗುಲ ಅಗಲದ ಒಂದು ಚಿತ್ರವನ್ನು ಮಾಡಿಸಿಕೊಂಡು ಬಂದು, ದೊಡ್ಡ ಪಟದ ಕಟ್ಟಿನೊಳಗೆ, ಗಾಜಿನ ಕೆಳಗಣ ಮೂಲೆಯಲ್ಲಿ ಸಿಕ್ಕಿಸಿದೆನು. ನೋಡಬೇಕಾದವರು ಹತ್ತಿರ ಹೋಗಿ ನೋಡಬೇಕು. ಮೊಮ್ಮಗಳು ಮಣೆ ಹಾಕಿಕೊಂಡು ಹತ್ತಿ, ಮೂಗು ಗಾಜಿಗೆ ತಗಲುವಷ್ಟು ಹತ್ತಿರದಿಂದ ನೋಡಿ, "ಅಯ್ಯೋ ತಾತ, ಮುತ್ತಜ್ಜಿಗೂ ನನ್ನ ಹಾಗೇ ಮುಂದಿನ ಹಲ್ಲು ಬಿದ್ದಿದೆ!" ಎಂದು ಕೂಗಿದಳು.

ಅಷ್ಟರಲ್ಲಿ ಪ್ರದೇಶಸಮಾಚಾರದ ಹೊತ್ತಾಗಿದ್ದಿತು. ಮನೆಯಾಕೆಯು ಒಳಗಿನಿಂದ ಕರೆದಳು. ನಾನು ಫೋನನ್ನು ಆರಿಸಿ, ಬ್ಯಾಟರಿಯನ್ನು ತೆಗೆದು, ಮತ್ತೆ ರೇಡಿಯೋದೊಳಗಿಟ್ಟೆನು.